ಬಡ್ತಿಗೆ ಬಾಗಿಲು ತೆರೆದಿರಲಿ

2024ರ ಬೇಸಿಗೆಯಲ್ಲಿ ಆರ್‌ಸಿಬಿ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು, ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ತಲುಪಿದ್ದು ಎಲ್ಲರಿಗೂ ನೆನಪಿದೆ. ಅದೇ ವರ್ಷ ಬೆಂಗಳೂರಿನ ಇನ್ನೊಂದು ತಂಡ ಒಂದು ಇಡೀ ಲೀಗನ್ನೇ ಗೆದ್ದಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು? ಅದು ಫುಟ್‌ಬಾಲ್ ತಂಡ, ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. 2023–24ರ ಐ–ಲೀಗ್ 2ರಲ್ಲಿ ಚಾಂಪಿಯನ್ ಆದ ಈ ತಂಡ, ಗೋವಾದ ಡೆಂಪೊ ಕ್ಲಬ್ ಜೊತೆಗೆ ಮೇಲಿನ ಹಂತವಾದ ಐ–ಲೀಗ್‌ಗೆ ಬಡ್ತಿ ಪಡೆಯಿತು. ಪಟಾಕಿ, ಮೆರವಣಿಗೆ ಯಾವುದೂ ನಮ್ಮ ಕಿವಿಗೆ ಬೀಳಲಿಲ್ಲ. ಆದರೆ ಕೆಲಸ ಹುಡುಕುವ ವಯಸ್ಸಿನಲ್ಲಿರುವ ನಮಗೆ ಆ ಬಡ್ತಿಯಿಂದ ಕಲಿಯುವುದು ಬಹಳ ಇದೆ.

ಐಪಿಎಲ್‌ನಲ್ಲಿ ಬಡ್ತಿಯೂ ಇಲ್ಲ, ಹಿಂಬಡ್ತಿಯೂ ಇಲ್ಲ. ನಮ್ಮ ಪ್ರೀತಿಯ ಆರ್‌ಸಿಬಿ 2017 ಮತ್ತು 2019ರಲ್ಲಿ ಪಟ್ಟಿಯ ಕೊನೆಯ ಸ್ಥಾನದಲ್ಲಿತ್ತು. ಆದರೂ ಮುಂದಿನ ವರ್ಷ ಅದೇ ಲೀಗ್‌ನಲ್ಲಿ ಆಡಿತು, 2025ರಲ್ಲಿ ಕಪ್ಪನ್ನೂ ಗೆದ್ದಿತು. ಅಭಿಮಾನಿಯಾಗಿ ನನಗೆ ಖುಷಿಯೇ. ಆದರೆ ಹೊರಗಿರುವ ತಂಡವೊಂದು ಎಷ್ಟೇ ಚೆನ್ನಾಗಿ ಆಡಿದರೂ ಆಟದ ಬಲದಿಂದಲೇ ಐಪಿಎಲ್‌ಗೆ ಬರಲಾಗದು. ಅಲ್ಲಿ ಸೀಟು ಸಿಗುವುದು ಹಣ ಕೊಟ್ಟು ಫ್ರಾಂಚೈಸಿ ಕೊಂಡವರಿಗೆ ಮಾತ್ರ.

ಇಂಗ್ಲೆಂಡಿನ ಫುಟ್‌ಬಾಲ್ ನಡೆಯುವುದು ಇದಕ್ಕೆ ತದ್ವಿರುದ್ಧವಾಗಿ. ಮೇಲೆ ಪ್ರೀಮಿಯರ್ ಲೀಗ್‌ನ 20 ತಂಡಗಳು, ಅದರ ಕೆಳಗೆ ಮೂರು ಹಂತಗಳಲ್ಲಿ ತಲಾ 24 ತಂಡಗಳು, ಒಟ್ಟು 92. ಅವುಗಳ ಕೆಳಗೂ ಊರೂರಿನ ಸಣ್ಣ ಕ್ಲಬ್‌ಗಳವರೆಗೆ ಮೆಟ್ಟಿಲುಗಳಿವೆ. ಎರಡನೇ ಹಂತದಲ್ಲಿ ಮೊದಲ ಎರಡು ಸ್ಥಾನ ಪಡೆದವರು ನೇರವಾಗಿ ಪ್ರೀಮಿಯರ್ ಲೀಗ್‌ಗೆ ಹೋಗುತ್ತಾರೆ. ಅವರ ನಂತರದ ಕೆಲವು ಸ್ಥಾನಗಳವರು ಪ್ಲೇಆಫ್ ಆಡಿ, ಗೆದ್ದ ಒಬ್ಬರು ಮೇಲೇರುತ್ತಾರೆ. ಪ್ರೀಮಿಯರ್ ಲೀಗ್‌ನ ಕೊನೆಯ ಮೂರು ತಂಡಗಳು ಕೆಳಗಿಳಿಯುತ್ತವೆ. ಈ ಲೆಕ್ಕ ಋತು ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ.

ಲೂಟನ್ ಟೌನ್ ಎಂಬ ಕ್ಲಬ್ಬನ್ನೇ ನೋಡಿ. ಹಣಕಾಸಿನ ಅವ್ಯವಸ್ಥೆಗಾಗಿ 2008–09ರ ಋತುವನ್ನು ಅದು ಮೈನಸ್ 30 ಅಂಕಗಳಿಂದ ಆರಂಭಿಸಬೇಕಾಯಿತು. ಕೊನೆಗೆ ಐದನೇ ಹಂತಕ್ಕೆ ಕುಸಿದು ಐದು ಋತು ಅಲ್ಲೇ ಕಳೆಯಿತು. 2014, 2018, 2019 ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ, 2023ರ ಮೇ 27ರಂದು ವೆಂಬ್ಲಿಯಲ್ಲಿ ಕೊವೆಂಟ್ರಿ ಸಿಟಿ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 6–5ರಿಂದ ಸೋಲಿಸಿ ಪ್ರೀಮಿಯರ್ ಲೀಗ್ ಸೇರಿತು. ಕೇವಲ ಐದು ವರ್ಷ ಹಿಂದೆ, 2017–18ರಲ್ಲಿ, ಆ ದಿನ ಎದುರಾಗಿದ್ದ ಎರಡೂ ತಂಡಗಳು ನಾಲ್ಕನೇ ಹಂತದಲ್ಲಿದ್ದವು. ಪೆಲ್ಲಿ ರಡಕ್ ಎಂಪಾಂಝು ಎಂಬ ಆಟಗಾರ ಐದನೇ ಹಂತದಿಂದ ಪ್ರೀಮಿಯರ್ ಲೀಗ್‌ವರೆಗೆ ಲೂಟನ್ ಜೊತೆಯಲ್ಲೇ ಏರಿಬಂದ. ಇದನ್ನು ಪವಾಡ ಎನ್ನುವುದಕ್ಕಿಂತ, ದಾರಿ ಮುಚ್ಚಿರಲಿಲ್ಲ ಎನ್ನುವುದೇ ಸರಿ.

ನಮ್ಮಲ್ಲಿ ಆ ದಾರಿ ಹಲವು ಸಲ ತೆರೆದಿದೆ, ಹಲವು ಸಲ ಮುಚ್ಚಿದೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ವಲಯದ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದ್ದವು. ಎಚ್‌ಎಎಲ್ 2010ರಲ್ಲಿ ಎರಡನೇ ಡಿವಿಷನ್‌ನಿಂದ ಐ–ಲೀಗ್‌ಗೆ ಬಡ್ತಿ ಪಡೆದು, ಎರಡು ಋತು ಆಡಿ ಕೆಳಗಿಳಿಯಿತು. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಐ–ಲೀಗ್‌ಗೆ ನೇರ ಪ್ರವೇಶ ಸಿಕ್ಕಿತು. ಮೊದಲ ಋತುವಿನಲ್ಲೇ ಚಾಂಪಿಯನ್ ಆಗಿ, ಸಿಕ್ಕ ಅವಕಾಶಕ್ಕೆ ತಾನು ಅರ್ಹ ಎಂದು ಅದು ತೋರಿಸಿಕೊಟ್ಟಿತು, ನಿಜ. ಆದರೆ ಅಂಥ ನೇರ ಪ್ರವೇಶ ಎಲ್ಲರಿಗೂ ಸಿಗುವುದಿಲ್ಲ. 2017ರಲ್ಲಿ ಐ–ಲೀಗ್ ಗೆದ್ದ ಮಿಜೋರಾಂನ ಐಜ್ವಾಲ್ ಎಫ್‌ಸಿಗೆ, 2021 ಮತ್ತು 2022ರಲ್ಲಿ ಸತತ ಎರಡು ಸಲ ಗೆದ್ದ ಗೋಕುಲಂ ಕೇರಳಕ್ಕೆ ಐಎಸ್‌ಎಲ್‌ನ ಬಾಗಿಲು ತೆರೆಯಲಿಲ್ಲ. ಗೆದ್ದವರನ್ನು ಮೇಲಕ್ಕೆ ಕಳಿಸುವ ನಿಯಮ ಜಾರಿಗೆ ಬಂದು, ಪಂಜಾಬ್‌ನ ತಂಡ ಐಎಸ್‌ಎಲ್ ಸೇರಿದ್ದು 2023ರಲ್ಲಿ. ಅಷ್ಟು ವರ್ಷ ಐ–ಲೀಗ್‌ನವರು ಗೆದ್ದರೂ ಇದ್ದಲ್ಲೇ ಇದ್ದರು.

ಇದು ನಮ್ಮದೇ ಕಥೆ ಅನ್ನಿಸುವುದಿಲ್ಲವೇ? ನಾನು ಓದುತ್ತಿರುವುದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶ, ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಮುತ್ತ, ಹೊಸಕೋಟೆ–ನೆಲಮಂಗಲದ ಹೆದ್ದಾರಿ ಬದಿ ಎಲ್ಲಿ ನೋಡಿದರೂ ಕಂಪನಿಗಳ ಬೋರ್ಡುಗಳು. ಆದರೆ ಕ್ಯಾಂಪಸ್ ಸಂದರ್ಶನಕ್ಕೆ ಬಂದಾಗ ಹಲವು ದೊಡ್ಡ ಕಂಪನಿಗಳು ನಮ್ಮನ್ನು ದಾಟಿಕೊಂಡು ನಗರದ ಆಯ್ದ ಕಾಲೇಜುಗಳಿಗೆ ಹೋಗುತ್ತವೆ. ಒಂದೇ ವಿಟಿಯು ಪ್ರಶ್ನೆಪತ್ರಿಕೆ ಬರೆದು, ಒಂದೇ ಸಿಜಿಪಿಎ ಪಡೆದ ಇಬ್ಬರಲ್ಲಿ ಒಬ್ಬನಿಗೆ ಪರೀಕ್ಷೆಯ ಲಿಂಕ್ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಪಂದ್ಯವಾಡಿ ಸೋತರೆ ಒಪ್ಪಿಕೊಳ್ಳಬಹುದು. ಪಂದ್ಯಕ್ಕೇ ಕರೆಯದಿದ್ದರೆ ನಮ್ಮ ಮಟ್ಟ ಏನೆಂದು ನಮಗೇ ತಿಳಿಯುವುದು ಹೇಗೆ?

ಸರ್ಕಾರಿ ಕೆಲಸಕ್ಕೆ ಓದುವವರ ಕಷ್ಟ ಬೇರೆ. ಅಲ್ಲಿ ಅರ್ಜಿ ಎಲ್ಲರೂ ಹಾಕಬಹುದು, ಆದರೆ ಪಂದ್ಯ ಯಾವಾಗ ಮುಗಿಯುತ್ತದೆಂದು ಗೊತ್ತಿರುವುದಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮ ಬಯಲಾದ ಮೇಲೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷಕ್ಕೂ ಹೆಚ್ಚಿನ ಆಯುಷ್ಯವನ್ನು ಯಾರು ತುಂಬಿಕೊಡುತ್ತಾರೆ? ಫುಟ್‌ಬಾಲ್‌ನಲ್ಲೂ ಇಂಥದ್ದು ನಡೆದಿದೆ. 2024–25ರ ಐ–ಲೀಗ್ ಪಂದ್ಯಗಳು ಏಪ್ರಿಲ್‌ನಲ್ಲೇ ಮುಗಿದರೂ, ಆಟಗಾರರ ಅರ್ಹತೆ ಮತ್ತು ನೋಂದಣಿಯ ತಕರಾರು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿವರೆಗೆ ಹೋಯಿತು. ಚಾಂಪಿಯನ್ ಚರ್ಚಿಲ್ ಬ್ರದರ್ಸ್ ಅಲ್ಲ, ಇಂಟರ್ ಕಾಶಿ ಎಂದು ತೀರ್ಮಾನವಾಗಿದ್ದು ಜುಲೈನಲ್ಲಿ. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಅದು ಹೊತ್ತಿಗೆ ಸರಿಯಾಗಿ ಜಾರಿಯಾಗಬೇಕು.

ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಬಡ್ತಿ ಪಡೆದ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಒಂದೇ ಋತುವಿನಲ್ಲಿ, 2024–25ರ ಕೊನೆಗೆ, ಹಿಂಬಡ್ತಿ ಪಡೆಯಿತು. ಲೂಟನ್ ಕೂಡ 2024ರಲ್ಲಿ ಕೆಳಗಿಳಿದು, 2025ರಲ್ಲಿ ಇನ್ನೊಂದು ಹಂತ ಜಾರಿತು. ಹಾಗಾದರೆ ಇಷ್ಟೆಲ್ಲ ಹತ್ತಿ ಏನು ಪ್ರಯೋಜನ ಎಂದು ಕೇಳಬಹುದು. ಮೇಲೆ ಹೋದವರಿಗೆ ಅಲ್ಲಿ ನಿಲ್ಲುವುದು ಕಷ್ಟ ಎಂಬುದು ಸತ್ಯ. ಹಣವಿರುವ ಕ್ಲಬ್‌ಗಳು ಒಳ್ಳೆಯ ಆಟಗಾರರನ್ನು ಕೊಳ್ಳುತ್ತವೆ. ಇಂಗ್ಲೆಂಡಿನಲ್ಲಂತೂ ಪ್ರೀಮಿಯರ್ ಲೀಗ್‌ನಿಂದ ಬಿದ್ದ ಕ್ಲಬ್‌ಗಳಿಗೆ ಕೆಲವು ವರ್ಷ ವಿಶೇಷ ಹಣ ಸಿಗುತ್ತದೆ. ಅದು ಬಿದ್ದವರಿಗೆ ಆಸರೆ, ಕೆಳಗೇ ಇದ್ದವರಿಗೆ ಅನ್ಯಾಯ ಎಂಬ ವಾದವೂ ಇದೆ. ಏಣಿ ಇದ್ದ ಮಾತ್ರಕ್ಕೆ ಸಮಾನತೆ ಬಂತು ಎಂದು ನಾನೂ ಹೇಳುವುದಿಲ್ಲ.

ಆದರೆ ಕೆಳಗಿಳಿದವನಿಗೂ ಹೊರಗಿಟ್ಟವನಿಗೂ ವ್ಯತ್ಯಾಸವಿದೆ. ಕೆಳಗಿಳಿದವನಿಗೆ ತಾನೆಲ್ಲಿ ಸೋತೆ ಎಂಬುದು ಅಂಕಪಟ್ಟಿಯಲ್ಲೇ ಕಾಣುತ್ತದೆ, ಮತ್ತೆ ಎಷ್ಟು ಗೆದ್ದರೆ ಮೇಲೆ ಬರಬಹುದೆಂಬ ಲೆಕ್ಕವೂ ಸಿಗುತ್ತದೆ. ಬಾಗಿಲ ಹೊರಗೆ ನಿಂತವನಿಗೆ ಎರಡೂ ಇಲ್ಲ. ಅವನು ಬರೀ ತನ್ನ ಹಣೆಬರಹವನ್ನು ಬೈದುಕೊಳ್ಳಬೇಕು. ನಮ್ಮ ಊರುಗಳಲ್ಲಿ ಪದವಿ ಮುಗಿಸಿ ಎರಡು–ಮೂರು ವರ್ಷ ಮನೆಯಲ್ಲಿರುವ ಅಣ್ಣಂದಿರು, ಅಕ್ಕಂದಿರು "ನಮ್ಮಿಂದ ಆಗಲ್ಲ ಬಿಡು" ಎನ್ನುವುದನ್ನು ಕೇಳಿದಾಗಲೆಲ್ಲ ನನಗೆ ಇದೇ ಅನಿಸುತ್ತದೆ. ಅವರಲ್ಲಿ ಎಷ್ಟೋ ಜನ ಸೋತವರಲ್ಲ, ಆಡಲು ಅವಕಾಶವೇ ಸಿಗದವರು.

ಹಾಗಾಗಿ ಕೇಳುವುದು ದೊಡ್ಡದೇನಲ್ಲ. ನಮ್ಮ ಜಿಲ್ಲೆಯ ನೆಲ, ನೀರು, ರಸ್ತೆ ಬಳಸುವ ಕಂಪನಿಗಳು ಕಾಲೇಜಿನ ಹೆಸರು ನೋಡದೆ ವರ್ಷಕ್ಕೊಮ್ಮೆಯಾದರೂ ಎಲ್ಲರಿಗೂ ಒಂದೇ ಪರೀಕ್ಷೆ ಇಡಲಿ, ಆಯ್ಕೆಗೆ ಬೇಕಾದ ಅಂಕ ಎಷ್ಟೆಂದು ಮೊದಲೇ ಹೇಳಲಿ. ಸರ್ಕಾರದ ನೇಮಕಾತಿ ಪರೀಕ್ಷೆಗಳಿಗೆ ವೇಳಾಪಟ್ಟಿ ಇರಲಿ, ಫಲಿತಾಂಶಕ್ಕೂ ದಿನಾಂಕ ಇರಲಿ. ಆಟದ ವಿಷಯಕ್ಕೆ ಬಂದರೆ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದ ರಾಜ್ಯ ನಮ್ಮದು. ಪ್ರತಿಭೆಗೆ ಕೊರತೆಯಿಲ್ಲ. ಬೆಂಗಳೂರು ನಗರದ ಲೀಗ್‌ನಲ್ಲಿ ಸೂಪರ್, ಎ, ಬಿ, ಸಿ ಎಂದು ಡಿವಿಷನ್‌ಗಳಿವೆ. ಅದರ ಕೆಳಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ತಂಡಗಳೂ ಆಡಿ ಮೇಲೇರುವಂಥ ಒಂದು ಮೆಟ್ಟಿಲನ್ನು ಗಟ್ಟಿಯಾಗಿ ಕಟ್ಟಲಿ.

ನಮ್ಮ ಪಾಲಿನ ಕೆಲಸವೂ ಇದೆ. ನಾಳೆ ಬಾಗಿಲು ತೆರೆದರೆ ಆಡಲು ನಾವು ತಯಾರಿರಬೇಕು. ಎಂಪಾಂಝು ಐದನೇ ಹಂತದಲ್ಲಿ ಆಡುತ್ತಿದ್ದಾಗಲೂ ಅಭ್ಯಾಸ ಬಿಟ್ಟಿರಲಾರ. ಪ್ರತಿ ಸೆಮಿಸ್ಟರ್‌ನಲ್ಲಿ ಒಂದಾದರೂ ಕೆಲಸ ಪೂರ್ತಿಯಾಗಿ ಕಲಿಯೋಣ, ಕೈಯಾರೆ ಮಾಡಿದ ಒಂದು ಪ್ರಾಜೆಕ್ಟನ್ನಾದರೂ ತೋರಿಸುವಂತಿರೋಣ. ಹಾಗೆ ತಯಾರಾಗುವಾಗಲೇ, ಬಾಗಿಲು ಯಾಕೆ ಮುಚ್ಚಿದೆ ಎಂದು ಗಟ್ಟಿಯಾಗಿ ಕೇಳುವುದನ್ನೂ ಬಿಡಬಾರದು.