ಕಾರ್ಬ್ಯುರೇಟರಿನ ಸವೆತ: ನಿದಾನ ಮತ್ತು ಚಿಕಿತ್ಸೆ

ಮನೆಯ ಕಾರು ಹಳೆಯದಾಯಿತೆಂದರೆ ಅದರ ಸಕಲ ದೋಷಗಳಿಗೂ ವಯಸ್ಸನ್ನೇ ಹೊಣೆಮಾಡಿ ಸುಮ್ಮನಾಗುವುದು ಲೋಕರೂಢಿ. ಬೆಳಿಗ್ಗೆ ಚಾಲೂ ಮಾಡಿದ ಕಾರು ಗೇಟು ದಾಟುವ ಮೊದಲೇ ನಿಂತುಹೋಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಒಮ್ಮೆ ನಡುಗುತ್ತದೆ, ಒಮ್ಮೆ ತಾನಾಗಿಯೇ ಅಬ್ಬರಿಸುತ್ತದೆ. ಆಗ ಮನೆಯಲ್ಲಿ ಎರಡು ಸಲಹೆಗಳು ಹುಟ್ಟಿಕೊಳ್ಳುತ್ತವೆ. ಎಂಜಿನ್ನನ್ನು ಬಿಚ್ಚಿ ಬೋರ್ ಮಾಡಿಸಬೇಕೆಂಬುದು ಒಂದು, ಗುಜರಿಗೆ ಹಾಕಬೇಕೆಂಬುದು ಇನ್ನೊಂದು. ಒಂದರಿಂದ ಹಣ ಹೋಗುತ್ತದೆ, ಇನ್ನೊಂದರಿಂದ ತಂದೆಯವರು ಪ್ರೀತಿಯಿಂದ ಬಾಳಿಸಿದ ವಸ್ತುವೇ ಹೋಗುತ್ತದೆ. ಆದರೆ ಅನೇಕ ಸಂದರ್ಭಗಳಲ್ಲಿ ದೋಷವು ಎಂಜಿನ್ನಿನಲ್ಲಿರದೆ, ಕಾರ್ಬ್ಯುರೇಟರಿನೊಳಗೆ ಹಾದುಹೋಗುವ ಬೆರಳಿಗಿಂತ ಸಣ್ಣದಾದ ಒಂದು ಲೋಹದ ಕಡ್ಡಿಯಲ್ಲಿರುತ್ತದೆ. ಅದರ ವಿಚಾರವನ್ನೇ ಈ ತಿಂಗಳು ಓದುಗರ ಮುಂದಿಡುತ್ತಿದ್ದೇವೆ.

ಶಾಸ್ತ್ರಗ್ರಂಥಗಳ ನಡುವೆ ಬೆಳೆದವರಿಗೆ ಈ ಕಬ್ಬಿಣದ ಗೊಡವೆ ಏಕೆಂದು ಕೆಲವರು ಕೇಳಬಹುದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠವಲ್ಲವೆ? ಊಹೆಗೆ ಹಿಡಿದ ಕಾರಣ ತಪ್ಪಿದರೆ ಸಿದ್ಧಾಂತವೂ ತಪ್ಪುತ್ತದೆ. ಕಾರಿನ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದೂ, ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿದೆಯೆಂದೂ ಅರ್ಥ. ಈ ಎರಡನ್ನೂ ಒಂದೇ ಎಂದು ತಿಳಿದು "ಹೊಗೆ ಬಂದಿತು, ಆದುದರಿಂದ ಎಂಜಿನ್ ಸವೆದಿದೆ" ಎನ್ನುವುದು ದುಷ್ಟ ಅನುಮಾನ. ಚಿಕಿತ್ಸೆಗೆ ಮುನ್ನ ನಿದಾನವಾಗಬೇಕೆಂಬ ವೈದ್ಯರ ಮಾತು ಯಂತ್ರಕ್ಕೂ ಸಲ್ಲುತ್ತದೆ.

ಹಳೆಯ ಆಂಗ್ಲ ಕಾರುಗಳಲ್ಲಿ ಬಹುವಾಗಿ ಕಾಣುವ ಕಾರ್ಬ್ಯುರೇಟರು ಎಸ್.ಯು. ಎಂಬುದು. ಸ್ಕಿನ್ನರ್ಸ್ ಯೂನಿಯನ್ ಎಂಬುದರ ಸಂಕ್ಷೇಪವಿದು. ಇಂಗ್ಲೆಂಡಿನಲ್ಲಿ ಪಾದರಕ್ಷೆಯ ವ್ಯಾಪಾರದ ಮನೆತನದಲ್ಲಿ ಹುಟ್ಟಿದ ಹರ್ಬರ್ಟ್ ಸ್ಕಿನ್ನರ್ ಇದನ್ನು ಕಲ್ಪಿಸಿದವರು. ಮೊದಮೊದಲ ಎಸ್.ಯು.ಗಳಲ್ಲಿ ಇಂದಿನ ಪಿಸ್ಟನ್ನಿನ ಸ್ಥಾನದಲ್ಲಿ ಚರ್ಮದ ತಿದಿ ಇತ್ತು. 1910ರಲ್ಲಿ ಕಂಪನಿ ಸ್ಥಾಪನೆಯಾಯಿತು. 1926ರಲ್ಲಿ ಮಾರಿಸ್ ಕಾರುಗಳ ವಿಲಿಯಂ ಮಾರಿಸ್ ಅದನ್ನು ಕೊಂಡುಕೊಂಡರು. ಮಾರಿಸ್ ಮೈನರ್, ಎಂ.ಜಿ. ಮೊದಲಾದ ಕಾರುಗಳಿಗೆ ಇದೇ ಉಸಿರಾಯಿತು. ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದಲ್ಲಿ ಬಂದು, 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರಿನ ಅನೇಕ ಪೆಟ್ರೋಲ್ ಎಂಜಿನ್ನುಗಳಿಗೂ ಎಸ್.ಯು. ಬಂದಿತು. ನಮ್ಮ ನಾಡಿನ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಇಂದೂ ನಿಂತಿರುವ ಅಂಬಾಸಿಡರಿನ ಮೂಲಕ ಈ ವಿಷಯ ನಮಗೆ ಹತ್ತಿರದ್ದಾಗಿದೆ.

ಇದರ ರಚನೆ ಸರಳವಾದುದು. ಮೇಲೆ ಗುಮ್ಮಟದೊಳಗೆ ಏರಿಳಿಯುವ ಪಿಸ್ಟನ್, ಅದರ ತುದಿಯಲ್ಲಿ ಕೆಳಗೆ ಹೋದಂತೆ ಸಣ್ಣದಾಗುವ ಸೂಜಿ, ಸೂಜಿಯು ಇಳಿಯುವ ಜೆಟ್. ಗಾಳಿ ಹೆಚ್ಚಾದಂತೆ ಪಿಸ್ಟನ್ ಏರುತ್ತದೆ, ಸೂಜಿ ಮೇಲೇಳುತ್ತದೆ, ಪೆಟ್ರೋಲಿನ ದಾರಿ ಅಗಲವಾಗುತ್ತದೆ. ಇದಾದ ಮೇಲೆ, ಎಂಜಿನ್ನಿನ ಕಡೆಗೆ, ಗಾಳಿಯ ಕೊಳವೆಗೆ ಅಡ್ಡಲಾಗಿ ಒಂದು ದುಂಡು ಬಿಲ್ಲೆ ಇದೆ. ಆಕ್ಸಿಲರೇಟರನ್ನು ತುಳಿದಾಗ ತೆರೆಯುವುದು, ಬಿಟ್ಟಾಗ ಮುಚ್ಚುವುದು ಇದೇ. ಈ ಬಿಲ್ಲೆಯನ್ನು ಹೊತ್ತು ತಿರುಗುವ ಕಡ್ಡಿಯೇ ಥ್ರಾಟಲ್ ಸ್ಪಿಂಡಲ್. ಅದು ಕಾರ್ಬ್ಯುರೇಟರಿನ ಅಲ್ಯೂಮಿನಿಯಂ ಮೈಯ ಎರಡು ರಂಧ್ರಗಳಲ್ಲಿ ಕೂತಿರುತ್ತದೆ. ಕೆಲವು ಮಾದರಿಗಳಲ್ಲಿ ರಂಧ್ರದೊಳಗೆ ಬುಷ್ ಇರುತ್ತದೆ, ಕೆಲವುಗಳಲ್ಲಿ ಸ್ಪಿಂಡಲು ನೇರವಾಗಿ ಮೈಯಲ್ಲಿಯೇ ತಿರುಗುತ್ತದೆ.

ಸವೆತಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಆಕ್ಸಿಲರೇಟರಿನ ಎಳೆತವೂ ಹಿಂದಕ್ಕೆಳೆಯುವ ಸ್ಪ್ರಿಂಗಿನ ಭಾರವೂ ವರ್ಷಾನುಗಟ್ಟಲೆ ರಂಧ್ರದ ಒಂದೇ ಮಗ್ಗುಲಿನ ಮೇಲೆ ಬೀಳುತ್ತವೆ. ದುಂಡಾಗಿದ್ದ ರಂಧ್ರವು ಮೊಟ್ಟೆಯಾಕಾರ ತಾಳುತ್ತದೆ. ಎಂಜಿನ್ನಿನ ಹೀರುವಿಕೆಯಿಂದ ಆ ಸಂದಿನೊಳಗೆ ಗಾಳಿಯೊಡನೆ ರಸ್ತೆಯ ಧೂಳೂ ಸೇರಿ ಸಾಣೆಯಂತೆ ಕೆಲಸಮಾಡುತ್ತದೆ. ಇಷ್ಟು ಸಣ್ಣ ಸಂದಿನಿಂದ ಏನಾದೀತು ಎನ್ನುವವರು ಲೆಕ್ಕ ಹಾಕಿ ನೋಡಬೇಕು. ಸಣ್ಣ ಎಸ್.ಯು.ಗಳ ಸ್ಪಿಂಡಲಿನ ವ್ಯಾಸ ಕಾಲು ಅಂಗುಲ, ಅಂದರೆ 6.35 ಮಿ.ಮೀ. ರಂಧ್ರವು ಅದಕ್ಕಿಂತ 0.1 ಮಿ.ಮೀ. ಮಾತ್ರ ದೊಡ್ಡದಾಯಿತೆನ್ನಿ. ಒಂದು ಬದಿಯ ಸಂದಿನ ವಿಸ್ತೀರ್ಣ ಸುಮಾರು 1 ಚದರ ಮಿ.ಮೀ., ಎರಡು ಬದಿ ಸೇರಿದರೆ 2 ಚದರ ಮಿ.ಮೀ. ಕಾರ್ಬ್ಯುರೇಟರಿಗೆ 1.6 ಮಿ.ಮೀ. ವ್ಯಾಸದ ಹೊಸ ತೂತೊಂದನ್ನು ಕೊರೆದಷ್ಟೇ ಇದು. ಕಾರು ವೇಗವಾಗಿ ಓಡುವಾಗ ಈ ತೂತು ಲೆಕ್ಕಕ್ಕಿಲ್ಲ. ನಿಂತ ಕಾರಿನಲ್ಲಿ ಬಿಲ್ಲೆಯು ಕೂದಲೆಳೆಯಷ್ಟು ಮಾತ್ರ ತೆರೆದಿರುವಾಗ, ಪೆಟ್ರೋಲಿನ ಅಳತೆಗೆ ಸಿಗದೆ ನುಗ್ಗುವ ಈ ಗಾಳಿಯೇ ಎಂಜಿನ್ನಿನ ನಡೆಯನ್ನು ಕೆಡಿಸುತ್ತದೆ. ಸ್ಪಿಂಡಲು ಪ್ರತಿಸಲವೂ ಬೇರೆ ಬೇರೆ ಜಾಗದಲ್ಲಿ ಕೂರುವುದರಿಂದ ಇಂದು ಮಾಡಿದ ಹೊಂದಾಣಿಕೆ ನಾಳೆಗೆ ಉಳಿಯುವುದಿಲ್ಲ.

ಅನರ್ಥವು ಆರಂಭವಾಗುವುದು ಇದರ ಮುಂದೆ. ಮೆಕ್ಯಾನಿಕರು ಜೆಟ್ಟಿನ ಕೆಳಗಿನ ನಟ್ಟನ್ನು ತಿರುಗಿಸಿ ಜೆಟ್ಟನ್ನು ಇಳಿಸುತ್ತಾರೆ. ಪೆಟ್ರೋಲು ಹೆಚ್ಚಾಗಿ, ನಿಂತ ಕಾರು ತಕ್ಕಮಟ್ಟಿಗೆ ಸುಮ್ಮನಾಗುತ್ತದೆ. ಆದರೆ ರೋಗವಿರುವುದು ನಿಂತಾಗ ಮಾತ್ರ. ಔಷಧವೋ ಓಡುವಾಗಲೂ ಕೆಲಸಮಾಡುತ್ತದೆ. ಜೆಟ್ಟು ಇಳಿದಿರುವುದರಿಂದ ಎಲ್ಲ ವೇಗಗಳಲ್ಲಿಯೂ ಪೆಟ್ರೋಲು ಹೆಚ್ಚು ಹರಿಯುತ್ತದೆ. ಪ್ಲಗ್ಗುಗಳು ಕಪ್ಪಾಗುತ್ತವೆ, ಮೈಲೇಜು ಕುಸಿಯುತ್ತದೆ, ಕಪ್ಪು ಹೊಗೆ ಕಾಣುತ್ತದೆ. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದುಹಾಕಿ ನಿಜವಾಗಿಯೂ ಎಂಜಿನ್ನನ್ನು ಸವೆಸುತ್ತದೆ. ಇಲ್ಲದ ರೋಗವನ್ನು ಊಹಿಸಿದ್ದೆವು, ತಪ್ಪು ಔಷಧದಿಂದ ಅದೇ ರೋಗವನ್ನು ತಂದುಕೊಂಡೆವು ಎಂದಾಗುತ್ತದೆ. ಇಂದು ದೊರೆಯುವ ಎಥನಾಲ್ ಬೆರೆತ ಪೆಟ್ರೋಲು ಹಳೆಯ ಜೆಟ್ಟಿನಲ್ಲಿ ಮೊದಲೇ ಮಿಶ್ರಣವನ್ನು ತೆಳುವಾಗಿಸುವುದರಿಂದ ಇಂತಹ ಸೋರಿಕೆಯ ಲಕ್ಷಣಗಳು ಇನ್ನೂ ಬೇಗ ತೋರುತ್ತವೆ.

ನಿದಾನ ಮಾಡುವ ಬಗೆ ಹೀಗೆ. ಎಂಜಿನ್ ಬಿಸಿಯಾಗಿ ನಿಧಾನವಾಗಿ ನಡೆಯುತ್ತಿರುವಾಗ ಸ್ಪಿಂಡಲಿನ ತುದಿಯನ್ನು ಮೇಲಕ್ಕೂ ಕೆಳಕ್ಕೂ ಮೃದುವಾಗಿ ಒತ್ತಿ ನೋಡಬೇಕು. ಎಂಜಿನ್ನಿನ ಸದ್ದು ಬದಲಾದರೆ ಸವೆತವಿದೆ ಎಂದೇ ತಿಳಿಯಬೇಕು. ಸ್ಪಿಂಡಲು ಮೈಯನ್ನು ಸೇರುವಲ್ಲಿ ಒಂದೆರಡು ಹನಿ ಎಂಜಿನ್ ಎಣ್ಣೆ ಬಿಟ್ಟಾಗ ನಡೆ ಕ್ಷಣಕಾಲ ಸುಧಾರಿಸಿದರೆ ಅದೂ ಸಾಕ್ಷಿಯೇ. ಈ ಪರೀಕ್ಷೆಗೆ ಪೆಟ್ರೋಲನ್ನು ಎಂದಿಗೂ ಬಳಸಬಾರದು; ಬಿಸಿ ಎಂಜಿನ್ನಿನ ಬಳಿ ಅದು ಬೆಂಕಿಗೆ ಆಹ್ವಾನ. ಎಂಜಿನ್ ನಿಲ್ಲಿಸಿ ಕೈಯಿಂದ ಅಲುಗಾಡಿಸಿ ನೋಡುವವರು ಥ್ರಾಟಲನ್ನು ಸ್ವಲ್ಪ ತೆರೆದಿರಬೇಕು. ಪೂರ್ತಿ ಮುಚ್ಚಿದ್ದರೆ ಬಿಲ್ಲೆಯು ಕೊಳವೆಗೆ ಬಿಗಿಯಾಗಿ ಕೂತು ಅಲುಗಾಟವನ್ನು ಮರೆಮಾಡುತ್ತದೆ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೂ ಇದೇ ಲಕ್ಷಣಗಳಿರುವುದರಿಂದ ಅದನ್ನೂ ಪರೀಕ್ಷಿಸಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು.

ಇನ್ನು ಚಿಕಿತ್ಸೆ. ಬಿಲ್ಲೆಯನ್ನು ಸ್ಪಿಂಡಲಿಗೆ ಎರಡು ಸಣ್ಣ ಸ್ಕ್ರೂಗಳು ಹಿಡಿದಿರುತ್ತವೆ. ಅವು ಸಡಿಲವಾಗದಿರಲೆಂದು ಅವುಗಳ ಸೀಳಿದ ತುದಿಗಳನ್ನು ಅಗಲಿಸಿರುತ್ತಾರೆ. ಆ ತುದಿಗಳನ್ನು ಮೊದಲು ಒತ್ತಿ ಕೂಡಿಸದೆ ತಿರುಗಿಸಿದರೆ ಸ್ಪಿಂಡಲಿನ ಮರೆ ಹಾಳಾಗುತ್ತದೆ. ಬಿಲ್ಲೆಯ ಅಂಚು ಓರೆಯಾಗಿರುವುದರಿಂದ ಯಾವ ಮುಖ ಎತ್ತ ಇತ್ತೆಂಬುದನ್ನು ಗುರುತು ಹಾಕಿಕೊಂಡೇ ತೆಗೆಯಬೇಕು. ಹೊರತೆಗೆದ ಸ್ಪಿಂಡಲನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ರಂಧ್ರದಲ್ಲಿ ತಿರುಗಿದ ಭಾಗವು ಸವೆಯದ ಭಾಗಕ್ಕಿಂತ ಸಣ್ಣದಾಗಿ, ಮೈಯ ರಂಧ್ರ ಮಾತ್ರ ದುಂಡಾಗಿಯೇ ಉಳಿದಿದ್ದರೆ ಹೊಸ ಸ್ಪಿಂಡಲು ಹಾಕಿದರೆ ಸಾಕು. ರಂಧ್ರವೂ ಮೊಟ್ಟೆಯಾಕಾರವಾಗಿದ್ದರೆ ಹೊಸ ಸ್ಪಿಂಡಲು ಮಾತ್ರ ಹಾಕುವುದು ಅಗಲವಾದ ಬಾಗಿಲ ಚೌಕಟ್ಟಿಗೆ ಹಳೆಯ ಅಳತೆಯ ಹೊಸ ಕದವನ್ನು ಕೂರಿಸಿದಂತೆ. ಆಗ ರಂಧ್ರವನ್ನು ದೊಡ್ಡದು ಮಾಡಿ ದಪ್ಪ ಸ್ಪಿಂಡಲನ್ನು ಹಾಕಬಹುದು, ಇಲ್ಲವೆ ಹಿತ್ತಾಳೆಯ ಅಥವಾ ಕಂಚಿನ ಬುಷ್ ಕೂರಿಸಿ ಮೂಲ ಅಳತೆಗೇ ಮರಳಬಹುದು.

ಬುಷ್ ಕೂರಿಸುವಲ್ಲಿ ಕೈಯಲ್ಲಿ ಹಿಡಿಯುವ ಡ್ರಿಲ್ಲಿನಿಂದ ಕೊರೆಯುವುದು ತರವಲ್ಲ. ಡ್ರಿಲ್ಲು ಸವೆದ ಮಗ್ಗುಲಿನತ್ತಲೇ ಜಾರುತ್ತದೆ. ಎರಡು ರಂಧ್ರಗಳು ಒಂದೇ ಸಾಲಿನಲ್ಲಿರದಿದ್ದರೆ ಸ್ಪಿಂಡಲು ಬಿಗಿಯುತ್ತದೆ, ಬಿಲ್ಲೆ ಸರಿಯಾಗಿ ಮುಚ್ಚುವುದಿಲ್ಲ. ಆದುದರಿಂದ ಕಾರ್ಬ್ಯುರೇಟರಿನ ಮೈಯನ್ನು ಮಿಲ್ಲಿಂಗ್ ಯಂತ್ರದಲ್ಲಿಯೋ ಲೇತಿನಲ್ಲಿಯೋ ಭದ್ರವಾಗಿ ಹಿಡಿಸಿ, ಸವೆಯದೆ ಉಳಿದ ಭಾಗದಿಂದ ಮೂಲ ಮಧ್ಯವನ್ನು ಕಂಡುಕೊಂಡು ಕೊರೆಯಬೇಕು. ಬುಷ್ಷುಗಳನ್ನು ಒತ್ತಿ ಕೂರಿಸಿದ ಮೇಲೆ ಉದ್ದನೆಯ ಒಂದೇ ರೀಮರನ್ನು ಎರಡರಲ್ಲಿಯೂ ಒಟ್ಟಿಗೆ ಹಾಯಿಸಬೇಕು. ಬುಷ್ಷಿನ ತುದಿ ಗಾಳಿಯ ಕೊಳವೆಯೊಳಗೆ ಚಾಚಿಕೊಂಡಿರಬಾರದು. ಸ್ಪಿಂಡಲು ಬೆರಳ ತುದಿಯಿಂದ ಸಲೀಸಾಗಿ ತಿರುಗಬೇಕು, ಆದರೆ ಅಲುಗಾಟ ಕಾಣಬಾರದು. ಸುಮಾರು 0.025 ಮಿ.ಮೀ. ಸಡಿಲ ಸಾಕಾಗುತ್ತದೆ.

ಜೋಡಿಸುವಾಗ ಹೊಸ ಸ್ಕ್ರೂಗಳನ್ನೇ ಬಳಸಬೇಕು. ಮೊದಲು ಅವನ್ನು ಸಡಿಲವಾಗಿಟ್ಟು ಥ್ರಾಟಲನ್ನು ಕೆಲವು ಬಾರಿ ತೆರೆದು ಮುಚ್ಚಿದರೆ ಬಿಲ್ಲೆಯು ತನ್ನ ಮಧ್ಯವನ್ನು ತಾನೇ ಹುಡುಕಿಕೊಳ್ಳುತ್ತದೆ. ಬೆಳಕಿಗೆ ಹಿಡಿದು ಸುತ್ತಲೂ ಸಮನಾಗಿ ಮುಚ್ಚಿದೆಯೆಂದು ಕಂಡ ಮೇಲೆ ಸ್ಕ್ರೂ ಬಿಗಿದು, ಸ್ಪಿಂಡಲಿಗೆ ಕೆಳಗಿನಿಂದ ಆಸರೆ ಕೊಟ್ಟು ತುದಿಗಳನ್ನು ಅಗಲಿಸಬೇಕು. ಈ ಕೊನೆಯ ಕೆಲಸವನ್ನು ಅಲಕ್ಷಿಸಿದರೆ ಸ್ಕ್ರೂ ಕಳಚಿ ಎಂಜಿನ್ನಿನೊಳಗೇ ಬೀಳುತ್ತದೆ. ಬಿಗಿಯಾದ ಸ್ಪಿಂಡಲು ಇನ್ನೂ ಅಪಾಯಕರ. ಕಾಲು ತೆಗೆದರೂ ಥ್ರಾಟಲು ತೆರೆದೇ ಉಳಿದರೆ ಕಾರು ನಿಲ್ಲದೆ ಮುನ್ನುಗ್ಗುತ್ತದೆ. ಮಕ್ಕಳು, ವೃದ್ಧರು ಕೂರುವ ವಾಹನದಲ್ಲಿ ಇದಕ್ಕಿಂತ ಭಯಂಕರವಾದುದು ಬೇರೆ ಯಾವುದು? ಆದ್ದರಿಂದ ರಸ್ತೆಗಿಳಿಯುವ ಮುನ್ನ, ಎಂಜಿನ್ ಚಾಲೂ ಮಾಡದೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬಿಟ್ಟು ಅದು ಪ್ರತಿಸಲವೂ ತಟ್ಟನೆ ಮುಚ್ಚುವುದನ್ನು ನೋಡಲೇಬೇಕು. ಬಳಿಕ, ಹಿಂದೆ ಸೋರಿಕೆಯನ್ನು ಮುಚ್ಚಲೆಂದು ಇಳಿಸಿದ್ದ ಜೆಟ್ಟನ್ನು ಏರಿಸಿ ಮಿಶ್ರಣವನ್ನು ಹೊಸದಾಗಿ ಹೊಂದಿಸಬೇಕು. ಇದನ್ನು ಮರೆತರೆ ಮಾಡಿದ ರಿಪೇರಿಯ ಫಲ ಅರ್ಧವೂ ದೊರೆಯದು.

ಬಿಡಿಭಾಗಗಳು ಸಿಗುವುದಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿಯ ಬರ್ಲೆನ್ ಸಂಸ್ಥೆಯು ಎಸ್.ಯು. ಕಾರ್ಬ್ಯುರೇಟರುಗಳನ್ನೂ ಅವುಗಳ ಭಾಗಗಳನ್ನೂ ಇಂದಿಗೂ ತಯಾರಿಸಿ ಒದಗಿಸುತ್ತಿದೆ. ಬುಷ್ಷನ್ನಂತೂ ಅಳತೆ ಬಲ್ಲ ಯಾವ ಲೇತ್ ಕೆಲಸಗಾರನಾದರೂ ತಿರುಗಿಸಿಕೊಡಬಲ್ಲ. ಆತನಿಗೆ ಅವಸರಪಡಿಸದೆ, ಎರಡು ರಂಧ್ರಗಳೂ ಒಂದೇ ಸಾಲಿನಲ್ಲಿರಬೇಕೆಂಬ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿ, ಕೇಳಿದ ಕೂಲಿಯನ್ನು ಮನಸಾರೆ ಕೊಡಿರಿ. ಬೋರ್ ಕೆಲಸದ ಖರ್ಚಿನ ಮುಂದೆ ಅದು ಅತ್ಯಲ್ಪ. ಮುಂದಿನ ಸಲ ಮನೆಯ ಹಳೆಯ ಕಾರು ನಡುಗಿದರೆ, ಅದನ್ನು ಮಾರುವ ಮಾತಾಡುವ ಮೊದಲು ಸ್ಪಿಂಡಲಿನ ತುದಿಯನ್ನೊಮ್ಮೆ ಬೆರಳಿನಿಂದ ಅಲುಗಾಡಿಸಿ ನೋಡಿರೆಂದು ನಮ್ಮ ಓದುಗ ಬಂಧುಗಳಲ್ಲಿ ಬಿನ್ನವಿಸಿಕೊಳ್ಳುತ್ತೇವೆ.