ಬದನೆಕಾಯಿಗೆ ಜಾತಿ ಕೇಳುವವರಿಗೆ

ಎಳ್ಳಮವಾಸಿಗೆ ಮಲ್ಲಸಮುದ್ರಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದ ಮರುದಿನದ ಮಾತು ಇದು. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಜೋಳದ ಕಡಕ್ ರೊಟ್ಟಿ ಇನ್ನೂ ಉಳಿದಿದ್ದವು. ಮೂಲೆಯಲ್ಲಿ ಅರ್ಧ ಚೀಲ ಬದನೆಕಾಯಿ. ಹೈದರಾಬಾದಿನಲ್ಲಿ ಕೆಲಸ ಮಾಡುವ ಅಕ್ಕನ ಮಗಳು "ಎಣಗಾಯಿ ತಿಂದು ತಿಂದು ಸಾಕಾತು, ಇವತ್ತ ನಾ ಒಂದ ಹೊಸಾದು ಮಾಡತೀನಿ" ಅಂತ ಅಡಿಗೆಮನೆ ಹಿಡಿದಳು. ಎರಡು ತಾಸು ಹೊಯ್ದಾಡಿ ಒಂದು ಪಾತ್ರೆ ತಂದು ನಡುಮನೆಯಲ್ಲಿ ಇಟ್ಟಳು. ಬದನೆಕಾಯಿ ಹೋಳು, ಟೊಮೆಟೊ, ಪನೀರು, ಮೇಲೆ ಕಂದಾಗಿ ಸುಟ್ಟ ಚೀಸು. ಪದರ ಪದರ.

"ಏನವಾ ಇದು?" ಅಂದರು ಊಟಕ್ಕೆ ಬಂದಿದ್ದ ಕಾಕಾ. (ಊರಿಗೆಲ್ಲ ಅವರು ಕಾಕಾನೇ.)

"ಲಸಾನ್ಯ ಅಂತಾರ್ರೀ ಕಾಕಾ."

"ಲಸಣಿ? ಬಳ್ಳೊಳ್ಳಿ ಚಟ್ನಿನ?"

ಎಲ್ಲರೂ ನಕ್ಕೆವು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಹುಡುಗಿ ಉತ್ಸಾಹದಿಂದ, ಇದು ಇಟಲಿಯದು, ಅದರಾಗೂ ಯಹೂದಿ ಮಂದಿ ಮಾಡೋ ಪದ್ಧತಿ ಅಂತ ವಿವರಿಸಿದಳು. ಕಾಕಾನ ಕೈ ತಟ್ಟೆಯಿಂದ ಹಿಂದಕ್ಕೆ ಸರಿಯಿತು. "ಅವರದೆಲ್ಲಾ ಮಾಂಸದ ಅಡಗಿ ಇರತದವಾ. ಯಾರ್ಯಾರದೋ ಅಡಗಿ ನಮ್ಮ ಒಲಿ ಮ್ಯಾಲ ಯಾಕ?" ಅಂತ ಮಜ್ಜಿಗೆ ಕುಡಿದು ಎದ್ದರು. ಅವಳ ಮುಖ ನೋಡಬೇಕಿತ್ತು ನೀವು.

ರಾತ್ರಿ ಅವಳು ಅದರ ಫೋಟೋ ಬೆಂಗಳೂರಿನ ಗೆಳತಿಗೆ ಕಳಿಸಿದ್ದಳು. ಅಲ್ಲಿಂದ ಬಂದ ತೀರ್ಪು ಇನ್ನೂ ಚಂದ. ಮೊಝರೆಲ್ಲಾ ಇಲ್ಲ, ಓವನ್ ಇಲ್ಲ, ರೊಟ್ಟಿ ಬೇರೆ ಹಾಕಿದ್ದೀಯ, ಇದನ್ನ ಲಸಾನ್ಯ ಅನ್ನಬೇಡ ಪ್ಲೀಸ್!

ಅಂದರೆ ಕಾಕಾನಿಗೆ ಇದು ವಿದೇಶಿ ಆಯ್ತು, ಆ ಗೆಳತಿಗೆ ಸಾಕಷ್ಟು ವಿದೇಶಿ ಆಗಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾಕಾನ ಮಾತು. ಯಹೂದಿಗಳ ಅಡುಗೆಯಲ್ಲಿ ಮಾಂಸ ಇದೆ, ಸುಳ್ಳಲ್ಲ. ಆದರೆ ಅವರ ಕಟ್ಟಳೆ ಎಂಥದು ಗೊತ್ತೇ? ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಕೂಡುವಂತಿಲ್ಲ. ಹಾಲು, ಬೆಣ್ಣೆ, ಚೀಸಿನ ಪಾತ್ರೆಗಳೇ ಬೇರೆ, ಮಾಂಸದ ಪಾತ್ರೆಗಳೇ ಬೇರೆ. ನಮ್ಮ ಮಡಿ ಅಜ್ಜಿಯರು ಕೂಡ ಅವರ ಮುಂದೆ ಸೋಲಬೇಕು. ಇಟಲಿಯ ಬೊಲೊನ್ಯಾ ಕಡೆಯ ಹೆಸರುವಾಸಿ ಲಸಾನ್ಯದಲ್ಲಿ ಖೀಮಾನೂ ಇರುತ್ತದೆ, ಹಾಲಿನ ಸಾಸೂ ಇರುತ್ತದೆ. ಹಾಗಾಗಿ ಕಟ್ಟಳೆ ಪಾಲಿಸುವ ಯಹೂದಿ ಅದನ್ನು ಮುಟ್ಟುವ ಹಾಗೇ ಇಲ್ಲ. ಅಂಥವರ ಮನೆಯಲ್ಲಿ ಚೀಸು ಬಿದ್ದ ತಟ್ಟೆ ಬಂತೆಂದರೆ ಅದರಲ್ಲಿ ಮಾಂಸ ಇಲ್ಲ ಅಂತಲೇ ಲೆಕ್ಕ. (ಮೀನಿನ ವಿಚಾರ ಬೇರೆ, ಅದನ್ನು ಬಿಡಿ.) ಶಾಕಾಹಾರಿ ಕಾಕಾ ಕಣ್ಣುಮುಚ್ಚಿ ತಿನ್ನಬಹುದಾದ ಪರದೇಶಿ ಊಟ ಯಾವುದಾದರೂ ಇದ್ದರೆ ಅದು ಇದೇ ಆಗಿತ್ತು!

ಇನ್ನು "ಯಾರ್ಯಾರದೋ ಅಡಗಿ". ಪಾತ್ರೆಯಲ್ಲಿದ್ದದ್ದು ಯಾರದು? ಬದನೆ ನಮ್ಮ ಉಪಖಂಡದ ಕಡೆಯ ಗಿಡ. ಹೆಸರೂ ಇಲ್ಲಿಂದಲೇ ಹೊರಟದ್ದು. ಕನ್ನಡದ ಬದನೆ, ತಮಿಳಿನ ವಳುದುಣೈ, ಮಲಯಾಳದ ವಳುತನ ಒಂದೇ ಬೇರಿನವು. ಸಂಸ್ಕೃತದ ವಾತಿಂಗಣವೂ ಈ ದ್ರಾವಿಡ ಬೇರಿನಿಂದಲೇ ಹೋದದ್ದು ಅನ್ನುವ ಅಭಿಪ್ರಾಯ ಭಾಷಾಶಾಸ್ತ್ರಜ್ಞರಲ್ಲಿದೆ. ಅಲ್ಲಿಂದ ಪಾರ್ಸಿಯ ಬಾದಿಂಗಾನ್, ಅರಬ್ಬಿಯ ಬಾದಿಂಜಾನ್, ಸ್ಪೇನಿನ ಬೆರೆಂಹೆನಾ, ಪೋರ್ಚುಗಲ್ಲಿನ ಬೆರಿಂಜೆಲಾ. ಆ ಪೋರ್ಚುಗೀಸ್ ಶಬ್ದ ಹಡಗು ಹತ್ತಿ ವಾಪಸು ನಮ್ಮಲ್ಲಿಗೇ ಬಂದು "ಬ್ರಿಂಜಾಲ್" ಆಯಿತು. ಇಂಗ್ಲಿಷ್ ಮೀಡಿಯಂ ಹುಡುಗರು ಇಂಗ್ಲಿಷ್ ಶಬ್ದ ಅಂತ ಕಲಿಯುವುದು ಊರು ಸುತ್ತಿ ಬಂದ ನಮ್ಮ ಬದನೆಯನ್ನೇ.

ಈಗ ಕಾಕಾನ ಪ್ರೀತಿಯ ಎಣಗಾಯಿ ಬಿಚ್ಚಿ ನೋಡೋಣ. ಅದರೊಳಗಿನ ಶೇಂಗಾ ದಕ್ಷಿಣ ಅಮೆರಿಕದ್ದು. ಬ್ಯಾಡಗಿಯ ಕೆಂಪು ಖಾರ, ಎಷ್ಟೇ ನಮ್ಮದು ಅಂದರೂ, ಪೋರ್ಚುಗೀಸರ ಕಾಲದಲ್ಲಿ ಬಂದ ಅಮೆರಿಕದ ಗಿಡ. ಗುರೆಳ್ಳು ಇಥಿಯೋಪಿಯಾದ್ದು. ಜತೆಗಿರುವ ಜೋಳದ ರೊಟ್ಟಿಯ ಜೋಳ ಆಫ್ರಿಕಾದಲ್ಲಿ ಹುಟ್ಟಿ ಸಾವಿರಾರು ವರ್ಷ ಹಿಂದೆ ಇಲ್ಲಿಗೆ ಬಂದದ್ದು. ಗದಗ-ಬೆಟಗೇರಿಯ ಬಂಡಿಗಳ ಮಿರ್ಚಿ ಭಜಿ? ಅದೇ ಕತೆ. ಇಡೀ ತಾಟಿನಲ್ಲಿ ಸ್ವದೇಶಿ ಅಂತ ಎದೆ ತಟ್ಟಿಕೊಳ್ಳಬಹುದಾದ ಕಾಯಿ ಬದನೆ, ಅದನ್ನೇ ನಾವು ಕೀಳು ಮಾಡಿದ್ದೇವೆ! ನಂಜು ಅಂತೀವಿ, ಕೆರೆತ ಅಂತೀವಿ. ಚಾತುರ್ಮಾಸದಲ್ಲಿ ಎಷ್ಟೋ ಮನೆಗಳ ಒಳಗೇ ಬಿಡುವುದಿಲ್ಲ, ಜೈನರು ಬಹುಬೀಜ ಅಂತ ದೂರ ಇಡುತ್ತಾರೆ. ಕೆಲಸಕ್ಕೆ ಬಾರದ ಓದಿಗೆ "ಪುಸ್ತಕದ ಬದನೆಕಾಯಿ" ಅಂತೀವಿ. ಪಾಪ ಯಾಕೆ ಅದಕ್ಕೇ ಆ ಹೆಸರು? ಪುಸ್ತಕದ ಹೀರೇಕಾಯಿ ಅನ್ನಬಹುದಿತ್ತಲ್ಲ.

ತಮಾಷೆ ಏನಂದರೆ, ಯುರೋಪಿನಲ್ಲೂ ಬದನೆಗೆ ಇದೇ ಗತಿ ಆಗಿತ್ತು. ಮುಸ್ಲಿಮರು, ಯಹೂದಿಗಳು ತಿನ್ನುವ ಕಾಯಿ ಅಂತ ಅದಕ್ಕೆ ಹಣೆಪಟ್ಟಿ ಬಿತ್ತು. ಇಟಲಿಯಲ್ಲಿ ಮೆಲಾಂಜಾನಾ ಅನ್ನುವ ಹೆಸರನ್ನು "ಹುಚ್ಚು ಹಿಡಿಸುವ ಸೇಬು" ಅಂತ ಬಿಡಿಸಿ ಹೇಳಿದರು. ಪೆಲೆಗ್ರಿನೊ ಅರ್ತೂಸಿ ಅನ್ನುವವನು 1891ರಲ್ಲಿ ಬರೆದ ಇಟಲಿಯ ಅತಿ ಪ್ರಸಿದ್ಧ ಅಡುಗೆ ಪುಸ್ತಕದಲ್ಲಿ ಒಂದು ಟಿಪ್ಪಣಿ ಇದೆ. ನಲವತ್ತು ವರ್ಷ ಹಿಂದೆ ಫ್ಲಾರೆನ್ಸಿನ ಸಂತೆಯಲ್ಲಿ ಬದನೆ ಕಾಣುವುದೇ ಅಪರೂಪವಾಗಿತ್ತಂತೆ, ಯಹೂದಿಗಳ ತಿನಿಸು ಅಂತ ಜನ ತುಚ್ಛ ಮಾಡುತ್ತಿದ್ದರಂತೆ. ಅವನೇ ಮುಂದುವರಿದು, ಈ ವಿಷಯದಲ್ಲಿ ಕ್ರೈಸ್ತರಿಗಿಂತ ಯಹೂದಿಗಳ ಮೂಗೇ ಚುರುಕು ಅಂತ ಒಪ್ಪಿಕೊಳ್ಳುತ್ತಾನೆ. ಇವತ್ತು ಬದನೆ ಇಲ್ಲದ ಇಟಲಿಯ ಅಡುಗೆ ಊಹಿಸಿ ನೋಡಿ!

ಸ್ಪೇನಿನದು ನಗುವ ಕತೆಯಲ್ಲ. 1492ರಲ್ಲಿ ಯಹೂದಿಗಳನ್ನು ದೇಶದಿಂದ ಹೊರಹಾಕಿದರು. ಮತಾಂತರವಾಗಿ ಉಳಿದವರ ಮನೆಯ ಅಡುಗೆಯ ಮೇಲೆ ಕಣ್ಣಿಟ್ಟರು. ಹಂದಿಯ ಕೊಬ್ಬು ಬಿಟ್ಟು ಎಣ್ಣೆಯಲ್ಲಿ, ಈರುಳ್ಳಿ ಬೆಳ್ಳುಳ್ಳಿ ಹಾಕಿ ಬೇಯಿಸುತ್ತಾರೆ, ಅದರ ವಾಸನೆ ಬರುತ್ತದೆ ಅಂತ ಆ ಕಾಲದ ಚರಿತ್ರೆಕಾರನೇ ಬರೆದಿಟ್ಟಿದ್ದಾನೆ. ಇನ್‌ಕ್ವಿಸಿಷನ್ನಿನ ವಿಚಾರಣೆಗಳಲ್ಲಿ ಮನೆಕೆಲಸದವರು, ನೆರೆಯವರು ಬಂದು ಇವರು ಶನಿವಾರಕ್ಕೆ ಶುಕ್ರವಾರವೇ ಅಡುಗೆ ಮಾಡಿಡುತ್ತಾರೆ, ಇಂಥಿಂಥದ್ದು ತಿನ್ನುತ್ತಾರೆ ಅಂತ ಸಾಕ್ಷಿ ಹೇಳುತ್ತಿದ್ದರು. ಅಂಥ ಸಾಕ್ಷಿಯ ಪಟ್ಟಿಯಲ್ಲಿ ಬದನೆಯ ಪಲ್ಯವೂ ಸೇರಿಕೊಂಡಿತು. ಯೋಚನೆ ಮಾಡಿ, ಒಗ್ಗರಣೆಯ ವಾಸನೆಗೆ ವಿಚಾರಣೆ!

ನಮ್ಮಲ್ಲಿ ಹಾಗಿಲ್ಲ ಅಂತ ಹೇಳಬೇಡಿ. ಬಾಡಿಗೆ ಮನೆ ಹುಡುಕಿದ ಯಾರನ್ನಾದರೂ ಕೇಳಿ, ಓನರ್ ಮೊದಲು ಮೂಸುವುದು ಯಾವುದನ್ನು ಅಂತ. ನಮ್ಮ ಜಿಲ್ಲೆಯದೇ ಒಂದು ಸಂಗತಿ ಇದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ಎದ್ದುನಿಂತು ವಿರೋಧಿಸಿದರು. ಗದಗ ಆ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ಮೊಟ್ಟೆ ಸಿಗುವ ಯಾದಗಿರಿಯ ಮಕ್ಕಳನ್ನೂ ಮೊಟ್ಟೆ ಸಿಗದ ಗದಗಿನ ಮಕ್ಕಳನ್ನೂ ತೂಗಿ ಹೋಲಿಸಿ ನೋಡಿದರು. ಯಾದಗಿರಿಯ ಮಕ್ಕಳೇ ಹೆಚ್ಚು ತೂಕ ಏರಿದ್ದರು. ನಮ್ಮ ಮಕ್ಕಳು ಮೊಟ್ಟೆ ತಿನ್ನದಿದ್ದರೆ ಏನಾಗುತ್ತದೆ ಅಂತ ತೋರಿಸುವ ಉದಾಹರಣೆಯಾದರು, ಅಷ್ಟೆ. 2022-23ರಲ್ಲಿ ಎಲ್ಲ ಜಿಲ್ಲೆಗಳಿಗೂ ಬಂತು. ಪಕ್ಕದ ಮನೆಯ ತಟ್ಟೆಯಲ್ಲಿ ಏನಿರಬೇಕು ಅಂತ ಹೇಳುವ ಚಟಕ್ಕೆ ಬೆಲೆ ಕೊಟ್ಟವರು ಯಾರು ಅಂತ ಕಾಕಾನಂಥವರನ್ನು ನಾನು ಕೇಳಬೇಕು. (ಎದುರಿಗೆ ಕೇಳುವ ಧೈರ್ಯ ಆಗಲಿಲ್ಲ, ಒಪ್ಪಿಕೊಳ್ಳುತ್ತೇನೆ. ಹಿರಿಯರು.)

ಇನ್ನೊಂದು ಜಾತಿಯ ಮಂದಿಯೂ ಇದ್ದಾರೆ. 2010ರಲ್ಲಿ ಬಿಟಿ ಬದನೆ ಬಂದಾಗ "ನಮ್ಮ ಬದನೆ ಉಳಿಸಿ" ಅಂದವರು. ಅದರ ತಯಾರಿಯಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಇತ್ತು. ಆ ವರ್ಷ ಫೆಬ್ರವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ಹಾಕಿದರು. ತಡೆ ಬಂತು, ಬದನೆಯ ಮೇಲಿನ ಪ್ರೀತಿಯೂ ಅಲ್ಲಿಗೇ ಮುಗಿಯಿತು! ರೇಟು ಬಿದ್ದ ದಿನ ಸಂತೆಯ ಹೊರಗೆ ದನಗಳ ಮುಂದೆ ಸುರಿದ ಬದನೆ ನೋಡಿ ಇವರಲ್ಲಿ ಎಷ್ಟು ಜನ ಎರಡು ಕಿಲೋ ಹೆಚ್ಚು ಕೊಂಡಿದ್ದಾರೆ?

ಈಗ ಬೆಂಗಳೂರಿನ ಗೆಳತಿಯ ತೀರ್ಪಿಗೆ ಬರುತ್ತೇನೆ. "ರೊಟ್ಟಿ ಹಾಕಿದರೆ ಲಸಾನ್ಯ ಅಲ್ಲ." ಸರಿ, ಅಲ್ಲ. ಬದನೆ ಹೋಳಿನದ್ದಕ್ಕೆ ಇಟಲಿಯಲ್ಲಿ ಪಾರ್ಮಿಜಾನಾ ಅಂತ ಬೇರೆ ಹೆಸರೇ ಇದೆ. ಆದರೆ ಯಹೂದಿ ಪದ್ಧತಿ ಅಂದಮೇಲೆ ರೊಟ್ಟಿಯನ್ನು ಬೈಯುವ ಮುಂಚೆ ಸ್ವಲ್ಪ ತಿಳಿದುಕೊಳ್ಳಬೇಕಿತ್ತು. ಪಾಸೋವರ್ ಹಬ್ಬದ ದಿನಗಳಲ್ಲಿ ಅವರು ಹುಳಿ ಬಂದ ಹಿಟ್ಟು ತಿನ್ನುವುದಿಲ್ಲ, ಮಾಮೂಲಿ ಪಾಸ್ತಾನೂ ಇಲ್ಲ. ಹುಳಿಯಿಲ್ಲದ, ಒಣಗಿ ಕಟಕಟ ಅನ್ನುವ ಮತ್ಸಾ ಅನ್ನುವ ರೊಟ್ಟಿ ಮಾತ್ರ. ಸ್ಪೇನಿನಿಂದ ಓಡಿಬಂದು ತುರ್ಕಿ, ಗ್ರೀಸ್ ಕಡೆ ನೆಲೆಸಿದ ಯಹೂದಿಗಳು ಆ ಒಣ ರೊಟ್ಟಿಯನ್ನು ನೆನೆಸಿ, ನಡುವೆ ಬದನೆ, ಚೀಸು ಇಟ್ಟು, ಪದರ ಕಟ್ಟಿ ಸುಡುತ್ತಾರೆ. ಅದಕ್ಕೆ ಮಿನಾ ಅಂತ ಹೆಸರು. ನಮ್ಮ ಕಡಕ್ ರೊಟ್ಟಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಹಾಗಂತ ಜೋಳದ ರೊಟ್ಟಿ ಮತ್ಸಾ ಆಗಿಬಿಡುತ್ತದೆ ಅಂತ ನಾನು ವಾದಿಸುವುದಿಲ್ಲ. ಮತ್ಸಾಕ್ಕೆ ಗೋಧಿ, ಬಾರ್ಲಿಯಂಥ ಐದು ಕಾಳು ಅಂತ ಕಟ್ಟಳೆ ಇದೆ, ಜೋಳ ಅದರಲ್ಲಿಲ್ಲ. ಆದರೆ ಅಂಗಡಿಯ ಮೈದಾ ಹಾಳೆಗಿಂತ ಅಕ್ಕನ ಮಗಳ ರೊಟ್ಟಿಯೇ ಮಿನಾಕ್ಕೆ ಹತ್ತಿರದ ಸಂಬಂಧಿ.

ಹೋದಲ್ಲೆಲ್ಲ ಯಹೂದಿಗಳು ಮಾಡಿದ್ದೂ ಇದನ್ನೇ. ಕಟ್ಟಳೆ ತಮ್ಮದು, ಕಾಯಿಪಲ್ಯ ಅಲ್ಲಿಯದು. ನಮ್ಮ ನೆರೆಯ ಕೊಂಕಣದ ಬೆನೆ ಇಸ್ರೇಲಿ ಯಹೂದಿಗಳು ಮರಾಠಿ ಮಾತಾಡುತ್ತಾ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು "ಶನಿವಾರ ತೇಲಿ" ಅಂದರು. ಮಾಂಸದ ಜೊತೆ ಹಾಲು ಬೇಡ ಅಂತ ತೆಂಗಿನ ಹಾಲು ಬಳಸಿದರು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ನಮ್ಮ ರೈತರಿಗೆ ಈ ಶನಿವಾರ ತೇಲಿ ಅಷ್ಟೊಂದು ಪರಕೀಯನೇ? ಶನಿವಾರ ಒಲೆ ಹಚ್ಚುವಂತಿಲ್ಲದ ಕಾರಣಕ್ಕೆ ತಣ್ಣಗೂ ರುಚಿಯಾಗಿರುವ ಬದನೆ ಅವರಿಗೆ ಒಗ್ಗಿತು. ಬುತ್ತಿ ಕಟ್ಟಿದ ಎಣಗಾಯಿ ಮಧ್ಯಾಹ್ನಕ್ಕೆ ಇನ್ನೂ ರುಚಿ ಏರುವುದು ಹೊಲಕ್ಕೆ ಹೋದ ಯಾರಿಗೆ ಗೊತ್ತಿಲ್ಲ?

ಮಾಡುವ ಬಗೆ ಹೇಳಿಬಿಡುತ್ತೇನೆ. ಅರ್ಧ ಕಿಲೋ ಬದನೆ. ಎಣಗಾಯಿಯ ಸಣ್ಣ ಮುಳಗಾಯಿ ಬೇಡ, ದೊಡ್ಡದು ಬೇಕು. ಉದ್ದಕ್ಕೆ, ಕಿರುಬೆರಳ ಅರ್ಧದಷ್ಟು ದಪ್ಪಕ್ಕೆ ಸೀಳಿ ಉಪ್ಪು ಸವರಿ ಅರ್ಧ ತಾಸು ಇಡಿ. ಇದು ಕಹಿಗೆ ಮಾತ್ರ ಅಲ್ಲ. ಬದನೆ ಒಳಗೆಲ್ಲ ಗಾಳಿ ತುಂಬಿದ ಸ್ಪಂಜು, ಉಪ್ಪು ಹಾಕಿದರೆ ನೀರು ಬಿಟ್ಟು ಕುಗ್ಗುತ್ತದೆ, ಆಮೇಲೆ ಎಣ್ಣೆ ಕಡಿಮೆ ಕುಡಿಯುತ್ತದೆ. ಒರೆಸಿ, ಹಂಚಿನ ಮೇಲೆ ಶೇಂಗಾ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿ. ಅರ್ಧ ಕಿಲೋ ಟೊಮೆಟೊ, ಆರು ಎಸಳು ಬೆಳ್ಳುಳ್ಳಿ, ಚಿಟಿಕೆ ಬ್ಯಾಡಗಿ ಖಾರ, ಗಟ್ಟಿಯಾಗುವ ತನಕ ಕುದಿಸಿ. 200 ಗ್ರಾಂ ಪನೀರು ಪುಡಿಮಾಡಿ ಒಂದು ಬಟ್ಟಲು ಬಸಿದ ಮೊಸರಿಗೆ ಕಲೆಸಿ, ಮೊಸರು ಒಡೆಯದಿರಲು ಒಂದು ಚಮಚ ಕಡಲೆಹಿಟ್ಟು. ಚೀಸು ಹಾಕುವುದಿದ್ದರೆ ಹಸಿರು ಚುಕ್ಕೆ ನೋಡಿ. ಕೆಲವು ಚೀಸು ಕರುವಿನ ಹೊಟ್ಟೆಯ ರೆನ್ನೆಟ್ ಹಾಕಿ ಮಾಡಿದವು, ಕಾಕಾ ನಿಜಕ್ಕೂ ಕೇಳಬೇಕಿದ್ದ ಪ್ರಶ್ನೆ ಅದು.

ಕಡಕ್ ರೊಟ್ಟಿ ಮೂರು. ಬೆಚ್ಚಗಿನ ಉಪ್ಪುನೀರಲ್ಲಿ ಅದ್ದಿ ತಕ್ಷಣ ತೆಗೆಯಬೇಕು. ನಾನು ಮನೆಗೆ ಬಂದು ಮಾಡಿದಾಗ ಫೋನು ಬಂತು, ಅಷ್ಟರಲ್ಲಿ ಅಂಬಲಿ ಆಗಿತ್ತು :) ಟೊಮೆಟೊ, ರೊಟ್ಟಿ, ಬದನೆ, ಪನೀರು, ಮತ್ತೆ ಅದೇ ಕ್ರಮ, ಮೇಲೆ ಟೊಮೆಟೊ ಮತ್ತು ಚೀಸು. ಓವನ್ ಬೇಡ. ಕುಕ್ಕರಿನ ರಬ್ಬರು, ಸೀಟಿ ತೆಗೆದು, ತಳಕ್ಕೆ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡಿಟ್ಟು, ಕೇಕ್ ಮಾಡುವ ಹಾಗೆ ಸಣ್ಣ ಉರಿಯಲ್ಲಿ ಮೂವತ್ತೈದು ನಿಮಿಷ. ಮೇಲೆ ಕೆಂಪಗಾಗುವುದಿಲ್ಲ, ಅಕ್ಕನ ಮಗಳು ಕಾಯಿಸಿದ ಹಂಚನ್ನು ಮೇಲೆ ಬೋರಲು ಹಿಡಿದಳು, ಆಯಿತು. ಇಳಿಸಿ ಇಪ್ಪತ್ತು ನಿಮಿಷ ಬಿಡಿ, ಇಲ್ಲದಿದ್ದರೆ ಕೊಯ್ಯುವಾಗ ಜಾರುತ್ತದೆ.

ಆವತ್ತು ಉಳಿದದ್ದನ್ನು ಮರುದಿನ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದೆವು. ತಣ್ಣಗೇ ತಿಂದೆವು. ಕಡಲಿ ಕಳೆ ತೆಗೆಯಲು ಬಂದಿದ್ದ ಹೆಣ್ಣುಮಕ್ಕಳು ಒಂದೊಂದು ತುಣುಕು ತೆಗೆದುಕೊಂಡರು. "ಚಲೋ ಐತಿ, ಖಾರ ಕಮ್ಮಿ ಆತು ನೋಡವಾ" ಅಂದಳು ಒಬ್ಬಾಕೆ. ಯಾರ ಅಡುಗೆ ಅಂತ ಕೇಳಲಿಲ್ಲ. ಮುಂದಿನ ಸಲ ಪನೀರಿನ ಪದರದಲ್ಲಿ ಪುಂಡಿಪಲ್ಯ ಹಾಕುತ್ತೇನೆ ಅಂತ ಹುಡುಗಿ ಹೇಳುತ್ತಿದ್ದಾಳೆ. ಪುಂಡಿಯ ಹುಳಿಗೆ ಮೊಸರು ಒಡೆಯುತ್ತದೆ ಅಂತ ನನ್ನ ಅನುಮಾನ. ನಿಮ್ಮಲ್ಲಿ ಯಾರಾದರೂ ಮಾಡಿ ನೋಡಿದ್ದರೆ ಹೇಳಿ.