ಇಲಿಗೊಂದು ಸಮಿತಿಯಿದೆ

ಅಮೆರಿಕದ ಜೀವವೈದ್ಯಕೀಯ ಪ್ರಯೋಗಾಲಯದಲ್ಲಿ ಇಲಿಯ ಪಂಜರ ಎಷ್ಟಗಲ ಇರಬೇಕು, ಕೋಣೆ ಎಷ್ಟು ಬೆಚ್ಚಗಿರಬೇಕು ಎಂಬುದಕ್ಕೆಲ್ಲ ಕೈಪಿಡಿಯಿದೆ. ಎನ್‌ಐಎಚ್ ಹಣ ಪಡೆದು ಪ್ರಾಣಿಪ್ರಯೋಗ ನಡೆಸುವ ಸಂಸ್ಥೆಗಳಿಗೆ ಮೇಲ್ವಿಚಾರಣಾ ಸಮಿತಿ ಇರಲೇಬೇಕೆಂದು 1985ರ ಕಾನೂನು ಹೇಳುತ್ತದೆ. ಭಾನುವಾರವಾಗಲಿ ಹಬ್ಬವಾಗಲಿ, ದಿನಕ್ಕೊಮ್ಮೆ ಇಲಿಯನ್ನು ಯಾರಾದರೂ ನೋಡಬೇಕು. ಇದೆಲ್ಲ ಸರಿಯೇ. ನನ್ನ ತಕರಾರು ಇಷ್ಟೇ: ಆ ಭಾನುವಾರವೂ ಪ್ರಯೋಗಾಲಯಕ್ಕೆ ಬರುವ ಪೋಸ್ಟ್‌ಡಾಕ್ ಹೇಗಿದ್ದಾರೆಂದು ನೋಡುವವರು ಯಾರು?

ಪಿಎಚ್‌ಡಿ ಮುಗಿಸಿ ಇನ್ನೊಬ್ಬರ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿಯುವವರು ಇವರು. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಓದಿದ ನಮ್ಮ ಮಕ್ಕಳೂ ಇವರಲ್ಲಿದ್ದಾರೆ. ದುಡಿಮೆಗೆ ಅಲ್ಲಿಟ್ಟ ಹೆಸರು ‘ತರಬೇತಿ’. ಮೂವತ್ತು ದಾಟಿದವರಿಗೂ ತರಬೇತಿಯೇ. ಆರಂಭಿಕ ಸಂಭಾವನೆ ಕನಿಷ್ಠ 70,000 ಡಾಲರ್ ಇರಲೆಂದು ಎನ್‌ಐಎಚ್‌ನ ಸಲಹಾ ತಂಡವೇ 2023ರಲ್ಲಿ ಹೇಳಿತು. 2024ರಲ್ಲಿ ಎನ್‌ಐಎಚ್ ನಿಗದಿಪಡಿಸಿದ್ದು 61,008.

ಇನ್ನು ಕಾಲದ ಲೆಕ್ಕ. ಎರಡು ಜೀನ್‌ಗಳನ್ನು ಕಳೆದುಕೊಂಡ ಇಲಿ ಬೇಕೆನ್ನಿ. ಎರಡರಲ್ಲೂ ಒಂದೊಂದು ಕೆಟ್ಟ ಪ್ರತಿಯಿರುವ ಜೋಡಿಯನ್ನು ಕೂಡಿಸಿದರೆ, ಮೆಂಡಲನ ಲೆಕ್ಕದಲ್ಲಿ ಸಾಮಾನ್ಯವಾಗಿ 16 ಮರಿಗಳಲ್ಲಿ ಒಂದು ಮಾತ್ರ ಹಾಗಿರುತ್ತದೆ. ಸೂಲಿಗೆ ಆರೆಂಟು ಮರಿ. ಗಬ್ಬ ಮೂರು ವಾರ, ಹಾಲು ಬಿಡಲು ಇನ್ನು ಮೂರು ವಾರ, ಬೆದೆಗೆ ಬರಲು ಮತ್ತೂ ಕೆಲವು ವಾರ. ಮುಪ್ಪಿನ ಅಧ್ಯಯನವಾದರೆ ಒಂದೂವರೆ ಎರಡು ವರ್ಷ ಕಾಯಬೇಕು. ಪೋಸ್ಟ್‌ಡಾಕ್ ಒಪ್ಪಂದವೋ ಬಹಳ ಕಡೆ ವರ್ಷಕ್ಕೊಮ್ಮೆ ನವೀಕರಣ. ಸಂಶೋಧಕರ ಜೆ-1 ವೀಸಾಕ್ಕೆ ಐದು ವರ್ಷದ ಮಿತಿ. ಕೊನೆಗೆ ಆ ಇಲಿಗೂ ಸಾಮಾನ್ಯ ಇಲಿಗೂ ವ್ಯತ್ಯಾಸವೇ ಕಾಣದಿದ್ದರೆ, ಆ ಫಲಿತಾಂಶ ಪ್ರಕಟಿಸಲು ಒಳ್ಳೆಯ ಪತ್ರಿಕೆ ಸಿಗುವುದು ಕಷ್ಟ.

‘ಪ್ರತಿಭೆಯಿದ್ದವರು ಗೆಲ್ಲುತ್ತಾರೆ, ಕಾಟಲಿನ್ ಕಾರಿಕೋ ಅವರನ್ನು ನೋಡಿ’ ಎನ್ನುತ್ತಾರೆ. ಹೌದು, 1995ರಲ್ಲಿ ಹಿಂಬಡ್ತಿ ಕಂಡವರು 2023ರಲ್ಲಿ ನೊಬೆಲ್ ಪಡೆದರು. ಡಗ್ಲಸ್ ಪ್ರಾಶರ್ ಅವರನ್ನೂ ನೋಡಿ. ಇಂದು ಇಲಿಯ ಜೀವಕೋಶಗಳನ್ನು ಹಸಿರಾಗಿ ಮಿನುಗಿಸುವ ಅಂಬಲಿಮೀನಿನ ಪ್ರೋಟೀನಿನ ಜೀನನ್ನು ಪ್ರತ್ಯೇಕಿಸಿ 1992ರಲ್ಲಿ ಪ್ರಕಟಿಸಿದವರು ಅವರು. ಅನುದಾನ ನಿಂತಾಗ ಜೀನನ್ನು ಇತರರಿಗೆ ಕಳುಹಿಸಿಕೊಟ್ಟರು. 2008ರಲ್ಲಿ ಅದೇ ಪ್ರೋಟೀನಿಗೆ ಮೂವರು ನೊಬೆಲ್ ಪಡೆದಾಗ ಪ್ರಾಶರ್ ಕಾರು ಮಾರುವ ಕಂಪನಿಯೊಂದರ ಗ್ರಾಹಕರನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದರು. ಗೆದ್ದ ಒಬ್ಬರನ್ನು ತೋರಿಸಿ ವ್ಯವಸ್ಥೆ ಸರಿಯಿದೆ ಎನ್ನುವುದು, ಲಾಟರಿ ಹೊಡೆದವನನ್ನು ತೋರಿಸಿ ಟಿಕೆಟ್ ಮಾರಿದಂತೆ.

ಸಂಬಳ ಕೇಳಿದರೆ ವಿಜ್ಞಾನ ಕೆಡುವುದಿಲ್ಲ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಮಂದಿ ಮುಷ್ಕರ ಹೂಡಿದರು, ಪೋಸ್ಟ್‌ಡಾಕ್‌ಗಳೂ ಅವರಲ್ಲಿದ್ದರು. ಸಂಬಳ ಏರಿತು, ಸಂಶೋಧನೆಯೂ ಮುಂದುವರಿಯಿತು.

ಅಲ್ಲಿನ ಸಮಿತಿ ಪ್ರಾಣಿಪ್ರಯೋಗಕ್ಕೆ ಒಂದು ಸಲಕ್ಕೆ ಮೂರು ವರ್ಷದವರೆಗೆ ಒಪ್ಪಿಗೆ ಕೊಡಬಹುದು. ಆ ಪ್ರಯೋಗ ಮಾಡುವವರಿಗೂ ಅಷ್ಟೇ ಅವಧಿಯ ಕೆಲಸ ಕೊಡಿ. ಮನುಷ್ಯರ ಮೇಲಿನ ಕರುಣೆಗಾಗಿ ಬೇಡವೆಂದರೆ ಇಲಿಯ ಮೇಲಿನ ಕರುಣೆಗಾದರೂ ಕೊಡಿ. ಒಪ್ಪಂದ ಮುಗಿದವರು ಪೆಟ್ಟಿಗೆ ಕಟ್ಟಿ ಹೊರಟಾಗ, ಅರ್ಧಕ್ಕೆ ನಿಂತ ಪ್ರಯೋಗದ ಇಲಿಗಳನ್ನು ಸಾಕುವವರಿರುವುದಿಲ್ಲ. ಅವನ್ನು ನಿಯಮದಂತೆ, ನೋವಾಗದಂತೆ ಕೊಲ್ಲಲಾಗುತ್ತದೆ. ಏನನ್ನೂ ತಿಳಿಸದೆ ಸತ್ತ ಆ ಜೀವಗಳ ಲೆಕ್ಕವನ್ನು ಯಾವ ಸಮಿತಿಗೆ ಒಪ್ಪಿಸೋಣ?